ಬಿಟ್, ಬೈಟ್ ಮತ್ತು ಎರಡು ಬಗೆಯ ಸಾವಿರ: ಗಣಕಯಂತ್ರದ ಅಳತೆಗಳ ಚರಿತ್ರೆ

ಕರ್ನಾಟಕದ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಸುಪರಿಚಿತವಾದುದು. ಭೂಮಿಯನ್ನು ದಾನವಾಗಿ ಕೊಡುವಾಗ ಇಷ್ಟು ಮತ್ತರು ಎಂದಷ್ಟೇ ಹೇಳಿ ಶಾಸನಕಾರನು ಸುಮ್ಮನಾಗುವುದಿಲ್ಲ. ಆ ಮತ್ತರನ್ನು ಯಾವ ಗಳೆಯಿಂದ ಅಳೆಯಲಾಯಿತೆಂಬುದನ್ನೂ ಅನೇಕ ವೇಳೆ ನಮೂದಿಸುತ್ತಾನೆ. ಒಂದು ಗಳೆಯ ಮತ್ತರು ಇನ್ನೊಂದು ಗಳೆಯ ಮತ್ತರಿಗೆ ಸಮನಲ್ಲವೆಂಬುದು ಕೊಡುವವರಿಗೂ ಪಡೆಯುವವರಿಗೂ ತಿಳಿದಿದ್ದಿತು. ಇಂದಿನ ವ್ಯಾಪಾರದಲ್ಲಿ ಈ ಎಚ್ಚರ ಎಲ್ಲೆಡೆಯೂ ಉಳಿದಿದೆಯೆಂದು ಹೇಳುವಂತಿಲ್ಲ. ೫೦೦ ಗಿಗಾಬೈಟ್ ಎಂದು ಮುದ್ರಿಸಿದ ಡಿಸ್ಕನ್ನು ಕೊಂಡು ತಂದು ಗಣಕಯಂತ್ರಕ್ಕೆ ಜೋಡಿಸಿದವನಿಗೆ, ಅದರಲ್ಲಿರುವುದು ಸುಮಾರು ೪೬೫ ಗಿಗಾಬೈಟ್ ಮಾತ್ರವೆಂದು ಯಂತ್ರವು ತೋರಿಸುವುದುಂಟು. ಡಿಸ್ಕಿನಲ್ಲಿ ಕೊರತೆಯಿಲ್ಲ, ಯಂತ್ರದ ಎಣಿಕೆಯಲ್ಲಿ ತಪ್ಪೂ ಇಲ್ಲ. ಅಳೆದ ಗಳೆ ಬೇರೆ, ಅಷ್ಟೆ.

ಗಣಕಯಂತ್ರಕ್ಕೆ ಸಂಬಂಧಿಸಿದ ಅಳತೆಗಳೆಲ್ಲವೂ ಗಣಿತಶಾಸ್ತ್ರದಿಂದ ತಾವಾಗಿಯೇ ಇಳಿದುಬಂದವೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ. ಬಿಟ್ ಎಂಬ ಮಾನದ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜ. ಬೈಟಿನ ವಿಷಯದಲ್ಲಿ ನಿಜವಲ್ಲ. ಅದರ ಹಿಂದೆ ಸೇರಿಸುವ ಕಿಲೋ, ಮೆಗಾ, ಗಿಗಾ ಎಂಬ ಪೂರ್ವಪದಗಳ ವಿಷಯದಲ್ಲಂತೂ ಗಣಿತಕ್ಕಿಂತ ಕಾರ್ಖಾನೆಯ ಸೌಕರ್ಯವೂ ವ್ಯಾಪಾರದ ವಾಡಿಕೆಯೂ ಹೆಚ್ಚು ಕೆಲಸ ಮಾಡಿವೆ. ಈ ಮೂರು ಪದರಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನರಿಂದ, ಬೇರೆ ಬೇರೆ ಪ್ರಯೋಜನಕ್ಕಾಗಿ ಹುಟ್ಟಿದವು. ಅವನ್ನು ಬಿಡಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯ ಪದರವು ಗಣಕಯಂತ್ರಕ್ಕಿಂತಲೂ ಹಳೆಯದು; ಅದರ ಬೇರು ತಂತಿ ವರ್ತಮಾನದ ವ್ಯವಸ್ಥೆಯಲ್ಲಿದೆ. ಒಂದು ತಂತಿಯ ಮೂಲಕ ಎಷ್ಟು ವೇಗವಾಗಿ ಸುದ್ದಿಯನ್ನು ಕಳುಹಿಸಬಹುದು ಎಂಬ ಪ್ರಶ್ನೆ ಅಮೆರಿಕದ ದೂರವಾಣಿ ಸಂಸ್ಥೆಯ ಇಂಜಿನಿಯರುಗಳಿಗೆ ಹಣಕಾಸಿನ ಪ್ರಶ್ನೆಯಾಗಿದ್ದಿತು. ೧೯೨೪ರಲ್ಲಿ ಹ್ಯಾರಿ ನೈಕ್ವಿಸ್ಟನೂ ೧೯೨೮ರಲ್ಲಿ ರಾಲ್ಫ್ ಹಾರ್ಟ್ಲಿಯೂ ಈ ಬಗ್ಗೆ ಲೇಖನಗಳನ್ನು ಪ್ರಕಟಿಸಿದರು. ಹಾರ್ಟ್ಲಿಯ ಲೇಖನದಲ್ಲಿ ಒಂದು ದಿಟ್ಟ ಹೆಜ್ಜೆಯಿದೆ. ಸುದ್ದಿಯ ಅರ್ಥವೇನು, ಅದು ಕೇಳುವವನಿಗೆ ಎಷ್ಟು ಬೆಲೆಯುಳ್ಳದ್ದು ಎಂಬ ವಿಚಾರವನ್ನು ಆತನು ಪೂರ್ತಿಯಾಗಿ ಬದಿಗಿಟ್ಟು, ಕಳುಹಿಸುವವನ ಮುಂದೆ ಎಷ್ಟು ಆಯ್ಕೆಗಳಿದ್ದವು ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡನು. ಒಂದು ಅಂಕಿಯನ್ನು ಬರೆಯುವಾಗ ಹತ್ತು ಸಾಧ್ಯತೆಗಳಿವೆ. ಎರಡು ಅಂಕಿಗಳನ್ನು ಬರೆದರೆ ನೂರು. ಸಾಧ್ಯತೆಗಳು ಹತ್ತು ಪಟ್ಟಾದರೂ ಬರೆದ ಅಂಕಿಗಳು ಎರಡು ಪಟ್ಟು ಮಾತ್ರ. ಆದ್ದರಿಂದ ಸಾಧ್ಯತೆಗಳ ಸಂಖ್ಯೆಯನ್ನಲ್ಲ, ಆ ಸಂಖ್ಯೆಯ ಲಘುಗಣಕವನ್ನು ಅಳತೆಯಾಗಿ ಹಿಡಿಯಬೇಕು. ಲಘುಗಣಕದ ಆಧಾರಸಂಖ್ಯೆ ಯಾವುದಾಗಿರಬೇಕೆಂಬುದು ಅನುಕೂಲಕ್ಕೆ ಬಿಟ್ಟ ಮಾತು.

ಈ ಆಧಾರಸಂಖ್ಯೆಯ ಆಯ್ಕೆಯಿಂದಲೇ ಮಾನವು ಹುಟ್ಟುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನ್ ನೌಕಾಪಡೆಯ ಗೂಢಲಿಪಿಯನ್ನು ಒಡೆಯುತ್ತಿದ್ದ ಅಲನ್ ಟ್ಯೂರಿಂಗನೂ ಅವನ ಸಹೋದ್ಯೋಗಿಗಳೂ ಹತ್ತನ್ನು ಆಧಾರವಾಗಿ ಹಿಡಿದು ಬ್ಯಾನ್ ಎಂಬ ಮಾನವನ್ನು ಬಳಸಿದರು. ಅವರ ಕೆಲಸಕ್ಕೆ ಬೇಕಾದ ಉದ್ದನೆಯ ಕಾಗದದ ಹಾಳೆಗಳು ಬ್ಯಾನ್‌ಬರಿ ಎಂಬ ಪಟ್ಟಣದಲ್ಲಿ ಅಚ್ಚಾಗುತ್ತಿದ್ದವು. ಮಾನಕ್ಕೆ ಹೆಸರು ಅದರಿಂದ ಬಂದಿತು. ಮುದ್ರಣಾಲಯವಿದ್ದ ಊರೊಂದು ಅಳತೆಗೆ ಹೆಸರಾಗುವುದು ಚರಿತ್ರೆಯಲ್ಲಿ ಆಗಾಗ ಕಾಣದ ಭಾಗ್ಯ! ಆದರೆ ಆ ಕೆಲಸವೆಲ್ಲ ದೀರ್ಘಕಾಲ ರಾಜರಹಸ್ಯವಾಗಿಯೇ ಉಳಿದುದರಿಂದ ಬ್ಯಾನ್ ಸಾಮಾನ್ಯ ಬಳಕೆಗೆ ಬರಲಿಲ್ಲ.

ಬಳಕೆಗೆ ಬಂದದ್ದು ಕ್ಲಾಡ್ ಶ್ಯಾನನ್ ೧೯೪೮ರ ಜುಲೈ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೆಲ್ ಸಂಸ್ಥೆಯ ತಾಂತ್ರಿಕ ಪತ್ರಿಕೆಯಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದ ಪ್ರಬಂಧದಲ್ಲಿನ ಮಾನ. ಎರಡನ್ನು ಆಧಾರವಾಗಿಟ್ಟುಕೊಂಡರೆ ದೊರೆಯುವ ಮಾನವನ್ನು ದ್ವಿಮಾನದ ಅಂಕಿ, ಸಂಕ್ಷೇಪವಾಗಿ ಬಿಟ್, ಎಂದು ಕರೆಯಬಹುದೆಂದೂ ಆ ಪದವನ್ನು ಸೂಚಿಸಿದವನು ಜಾನ್ ಟ್ಯೂಕಿಯೆಂದೂ ಶ್ಯಾನನ್ ಅಲ್ಲಿ ಹೇಳಿದ್ದಾನೆ. ಪ್ರಿನ್ಸ್‌ಟನ್ನಿನಲ್ಲಿಯೂ ಬೆಲ್ ಪ್ರಯೋಗಾಲಯದಲ್ಲಿಯೂ ಕೆಲಸ ಮಾಡುತ್ತಿದ್ದ ಸಂಖ್ಯಾಶಾಸ್ತ್ರಜ್ಞ ಟ್ಯೂಕಿ, ೧೯೪೭ರ ಜನವರಿಯ ಒಂದು ಟಿಪ್ಪಣಿಯಲ್ಲಿ ಆ ಪದವನ್ನು ಬಳಸಿದ್ದನು. ಮುಚ್ಚುವ ತೆರೆಯುವ ಎರಡು ಸ್ಥಿತಿಗಳುಳ್ಳ ಒಂದು ವಿದ್ಯುತ್ ಸ್ವಿಚ್ಚು ಒಂದು ಬಿಟ್ಟನ್ನು ಹಿಡಿದಿಡುತ್ತದೆ. ದಶಮಾನದ ಒಂದು ಅಂಕಿಯು ಸುಮಾರು ಮೂರೂ ಮೂರನೆಯ ಒಂದು ಬಿಟ್ಟಿಗೆ ಸಮ. ಮರುವರ್ಷ, ೧೯೪೯ರಲ್ಲಿ, ಶ್ಯಾನನ್ ತನ್ನ ಟಿಪ್ಪಣಿ ಪುಸ್ತಕದಲ್ಲಿ ಯಾವ ಯಾವ ವಸ್ತುವಿನಲ್ಲಿ ಎಷ್ಟು ಬಿಟ್ ಅಡಗಿರಬಹುದೆಂದು ಅಂದಾಜಿನ ಪಟ್ಟಿಯೊಂದನ್ನು ಬರೆದುಕೊಂಡನು. ಅದರಲ್ಲಿ ಅತ್ಯಂತ ದೊಡ್ಡದು ವಾಷಿಂಗ್ಟನ್ನಿನ ಕಾಂಗ್ರೆಸ್ ಗ್ರಂಥಾಲಯ: ಒಂದರ ಮುಂದೆ ಹದಿನಾಲ್ಕು ಸೊನ್ನೆ, ಎಂದರೆ ನಮ್ಮ ಲೆಕ್ಕದಲ್ಲಿ ಒಂದು ಕೋಟಿ ಕೋಟಿ ಬಿಟ್. ಇಂದಿನ ಮಾತಿನಲ್ಲಿ ಅದು ಹನ್ನೆರಡೂವರೆ ಟೆರಾಬೈಟ್. ಅಷ್ಟನ್ನೂ ಮೀರಿ ಹಿಡಿಯುವ ಒಂದೇ ಡಿಸ್ಕು ಈಗ ಅಂಗಡಿಯಲ್ಲಿ ದೊರೆಯುತ್ತದೆ.

ಬಿಟ್ಟಿನ ವಿಶೇಷವನ್ನು ಇಲ್ಲಿ ಗಮನಿಸಬೇಕು. ೧೮೮೯ರಿಂದ ೧೯೬೦ರವರೆಗೆ ಮೀಟರು ಎಂದರೆ ಪ್ಯಾರಿಸ್ ಸಮೀಪದಲ್ಲಿ ಕಾಪಿಟ್ಟಿದ್ದ ಒಂದು ಲೋಹದ ದಂಡದ ಮೇಲಿನ ಎರಡು ಗೆರೆಗಳ ಅಂತರ. ೨೦೧೯ರವರೆಗೆ ಕಿಲೋಗ್ರಾಮೆಂದರೆ ಅಲ್ಲಿಯೇ ಇದ್ದ ಒಂದು ಲೋಹದ ಗುಂಡು. ಬಿಟ್ಟಿಗೆ ಅಂತಹ ದಂಡವೂ ಬೇಡ, ಗುಂಡೂ ಬೇಡ. ಹೌದು ಅಲ್ಲ ಎಂಬ ಎರಡು ಸಮಸಂಭವದ ಉತ್ತರಗಳಿರುವ ಪ್ರಶ್ನೆಯೊಂದು ಎಲ್ಲಿದೆಯೋ ಅಲ್ಲಿ ಬಿಟ್ ಇದೆ. ಆದರೂ ಈ ಮಾತಿಗೆ ಆರಂಭದಿಂದಲೇ ಎರಡು ಅರ್ಥಗಳು ಅಂಟಿಕೊಂಡವು. ಒಂದು, ಹಿಡಿದಿಡುವ ಜಾಗ. ಇನ್ನೊಂದು, ಆ ಜಾಗದಲ್ಲಿ ನಿಜವಾಗಿ ಇರುವ ಮಾಹಿತಿ. ಎರಡೂ ಮುಖಗಳಲ್ಲಿ ಒಂದೇ ಚಿತ್ರವಿರುವ ನಾಣ್ಯವನ್ನು ಚಿಮ್ಮಿ ಫಲವನ್ನು ಬರೆದಿಟ್ಟರೆ ಒಂದು ಬಿಟ್ಟಿನ ಜಾಗ ವ್ಯಯವಾಗುತ್ತದೆ, ಆದರೆ ತಿಳಿದುಬಂದ ಮಾಹಿತಿ ಸೊನ್ನೆ. ಕೊಳಗದ ಗಾತ್ರ ಬೇರೆ, ಅದರಲ್ಲಿರುವ ಭತ್ತ ಬೇರೆ. ಶ್ಯಾನನ್ ಈ ಭೇದವನ್ನು ಅರಿತಿದ್ದನು. ಅವನ ಪ್ರಬಂಧದ ಬಹುಭಾಗ ಅದನ್ನು ಕುರಿತದ್ದೇ ಆಗಿದೆ. ಮಾರುಕಟ್ಟೆಗೆ ಮಾತ್ರ ಕೊಳಗದ ಗಾತ್ರವಷ್ಟೇ ಸಾಕಾಯಿತು.

ಎರಡನೆಯ ಪದರಕ್ಕೆ ಬರೋಣ. ೧೯೫೬ರ ಜೂನ್ ತಿಂಗಳಿನಲ್ಲಿ ಐಬಿಎಂ ಸಂಸ್ಥೆಯ ಸ್ಟ್ರೆಚ್ ಎಂಬ ಮಹಾಯಂತ್ರದ ವಿನ್ಯಾಸ ನಡೆಯುತ್ತಿದ್ದಾಗ, ಒಂದು ಅಕ್ಷರವನ್ನು ಸಂಕೇತಿಸುವ ಬಿಟ್‌ಗಳ ಗುಂಪಿಗೆ ಹೆಸರು ಬೇಕಾಯಿತು. ವರ್ನರ್ ಬುಕ್ಹೋಲ್ಟ್ಸ್ ಎಂಬ ಇಂಜಿನಿಯರು ಬೈಟ್ ಎಂಬ ಹೆಸರನ್ನು ಕೊಟ್ಟನು. ಇಂಗ್ಲಿಷಿನಲ್ಲಿ ತುತ್ತು ಎಂಬ ಅರ್ಥದ ಪದವದು. ಕೊನೆಯ ಅಕ್ಷರ ಅಕಸ್ಮಾತ್ ಬಿಟ್ಟುಹೋದರೆ ಬಿಟ್ ಎಂದೇ ಓದಿಕೊಳ್ಳುವ ಅಪಾಯವಿದ್ದುದರಿಂದ ನಡುವಿನ ಸ್ವರಾಕ್ಷರವನ್ನು ಬೇಕೆಂದೇ ಬದಲಿಸಲಾಯಿತು. ಮುಖ್ಯವಾದ ಅಂಶವೆಂದರೆ, ಆ ಯಂತ್ರದಲ್ಲಿ ಬೈಟಿಗೆ ಗೊತ್ತಾದ ಗಾತ್ರವಿರಲಿಲ್ಲ. ಒಂದು ಬಿಟ್ಟಿನಿಂದ ಎಂಟು ಬಿಟ್ಟಿನವರೆಗೆ ಬೇಕಾದಷ್ಟನ್ನು ತೆಗೆದುಕೊಳ್ಳಬಹುದಾಗಿದ್ದಿತು. ತುತ್ತು ಎಂದರೆ ಬಾಯಿಗೆ ಹಿಡಿಸುವಷ್ಟು, ಅಷ್ಟೆ.

ಆ ಕಾಲದ ಬಹುತೇಕ ಯಂತ್ರಗಳಿಗೆ ಆರು ಬಿಟ್ ಸಾಕಾಗಿದ್ದಿತು. ಆರು ಬಿಟ್‌ಗಳಿಂದ ೬೪ ಸಂಕೇತಗಳು ದೊರೆಯುತ್ತವೆ. ಇಂಗ್ಲಿಷಿನ ೨೬ ದೊಡ್ಡಕ್ಷರಗಳು, ಹತ್ತು ಅಂಕಿಗಳು, ಕೆಲವು ಚಿಹ್ನೆಗಳು ಅದರಲ್ಲಿ ಅಡಗುತ್ತವೆ. ಸಣ್ಣಕ್ಷರಗಳು ಮಾತ್ರ ಹಿಡಿಸುವುದಿಲ್ಲ. ಸ್ಮರಣಕೋಶದ ಒಂದೊಂದು ಬಿಟ್ಟೂ ಕಾಂತೀಯ ಉಂಗುರವೊಂದರಲ್ಲಿದ್ದು, ಉಂಗುರಗಳನ್ನು ತಂತಿಯಿಂದ ಪೋಣಿಸಬೇಕಾಗಿದ್ದ ದಿನಗಳಲ್ಲಿ, ಬಳಸದ ಎರಡು ಬಿಟ್‌ಗಳನ್ನು ಪ್ರತಿ ಅಕ್ಷರಕ್ಕೂ ಹೊರಿಸುವುದು ದುಂದಾಗಿ ಕಂಡದ್ದು ಸಹಜವೇ. ಹೀಗಿದ್ದರೂ ೧೯೬೪ರ ಏಪ್ರಿಲ್ ೭ರಂದು ಐಬಿಎಂ ಪ್ರಕಟಿಸಿದ ಸಿಸ್ಟಮ್/೩೬೦ ಯಂತ್ರಮಾಲೆಯಲ್ಲಿ ಬೈಟಿಗೆ ಎಂಟು ಬಿಟ್ ಎಂದು ನಿಶ್ಚಯಿಸಲಾಯಿತು. ಆ ಯೋಜನೆಯ ಮುಖ್ಯಸ್ಥನಾಗಿದ್ದ ಫ್ರೆಡ್ ಬ್ರೂಕ್ಸ್, ತಾನು ಕೈಗೊಂಡ ನಿರ್ಣಯಗಳಲ್ಲೆಲ್ಲ ಇದೇ ಅತಿ ಮುಖ್ಯವಾದುದೆಂದು ಮುಂದೆ ಹೇಳಿಕೊಂಡಿದ್ದಾನೆ. ಎಂಟು ಬಿಟ್ಟಿನಲ್ಲಿ ೨೫೬ ಸಂಕೇತಗಳಿಗೆ ಎಡೆಯಿದೆ, ಸಣ್ಣಕ್ಷರಗಳೂ ಬಂದವು. ಲೆಕ್ಕಪತ್ರದ ಕೆಲಸಕ್ಕೆ ನಾಲ್ಕು ನಾಲ್ಕು ಬಿಟ್ಟಿನ ಎರಡು ಅಂಕಿಗಳನ್ನು ಒಂದು ಬೈಟಿನಲ್ಲಿ ಇಡಬಹುದಾಯಿತು.

ಒಂದು ಸಂಸ್ಥೆಯ ನಿರ್ಣಯವು ಜಗತ್ತಿನ ಅಳತೆಯಾಗಲು ಮತ್ತೂ ಕೆಲಕಾಲ ಹಿಡಿಯಿತು. ಅದೇ ೧೯೬೪ರಲ್ಲಿ ಹೊರಬಂದ ಸಿಡಿಸಿ ೬೬೦೦ ಯಂತ್ರವು ಅರವತ್ತು ಬಿಟ್ಟಿನ ಪದದಲ್ಲಿ ಆರು ಬಿಟ್ಟಿನ ಹತ್ತು ಅಕ್ಷರಗಳನ್ನು ಇಡುತ್ತಿದ್ದಿತು. ಪಿಡಿಪಿ-೧೦ ಯಂತ್ರದಲ್ಲಿ ಬೈಟಿನ ಗಾತ್ರವನ್ನು ಬಳಸುವವನೇ ಗೊತ್ತುಮಾಡಿಕೊಳ್ಳಬಹುದಾಗಿದ್ದಿತು. ಈ ಕಾರಣದಿಂದಲೇ ಗಣಕಜಾಲಗಳ ನಿಯಮಗಳನ್ನು ಬರೆದವರು ಬೈಟ್ ಎಂಬ ಮಾತನ್ನು ನಂಬದೆ, ಎಂಟರ ಗುಂಪು ಎಂಬ ಅರ್ಥದ ಆಕ್ಟೆಟ್ ಎಂಬ ಪದವನ್ನು ಹಿಡಿದರು. ಫ್ರೆಂಚರು ಇಂದಿಗೂ ಅದನ್ನೇ ಬಳಸುತ್ತಾರೆ. ೧೯೭೦ರ ದಶಕದಲ್ಲಿ ಎಂಟು ಬಿಟ್ಟಿನ ಕಿರುಸಂಸ್ಕಾರಕಗಳು ಮನೆಮನೆಯನ್ನು ಸೇರತೊಡಗಿದ ಮೇಲೆ ಬೇರೆ ಗಾತ್ರದ ಬೈಟುಗಳು ಕಣ್ಮರೆಯಾದವು.

ಈ ಎಂಟು ಬಿಟ್ಟಿನ ತುತ್ತು ಯಾರ ಬಾಯಿಗೆ ಅಳೆದುದೆಂಬ ಪ್ರಶ್ನೆ ಕನ್ನಡಿಗರಿಗೆ ನೇರವಾಗಿ ತಟ್ಟುವಂಥದು. ೧೯೯೧ರ ಭಾರತೀಯ ಪ್ರಮಾಣಕವಾದ ಇಸ್ಕಿ ಸಂಕೇತದಲ್ಲಿ ಬೈಟಿನ ೨೫೬ ಸ್ಥಾನಗಳ ಮೊದಲರ್ಧವನ್ನು ಇಂಗ್ಲಿಷಿಗೆ ಬಿಟ್ಟು, ಉತ್ತರಾರ್ಧದಲ್ಲಿ ಬ್ರಾಹ್ಮಿಯಿಂದ ಬಂದ ಭಾರತದ ಲಿಪಿಗಳಿಗೆಲ್ಲ ಸಮಾನವಾದ ವರ್ಣಕ್ರಮವನ್ನು ಅಳವಡಿಸಲಾಗಿದ್ದಿತು. ಅಲ್ಲಿ ಕನ್ನಡದ ಒಂದು ವ್ಯಂಜನಕ್ಕೆ ಒಂದು ಬೈಟ್. ಅದೇ ವರ್ಷ ಪ್ರಕಟವಾದ ಯೂನಿಕೋಡ್ ಪ್ರಪಂಚದ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನಗಳನ್ನು ಕೊಟ್ಟಿತು. ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಖಂಡ ದೊರೆಯಿತು. ಆದರೆ ಆ ಸ್ಥಾನಸಂಖ್ಯೆಗಳನ್ನು ಬೈಟುಗಳಾಗಿ ಹೇಗೆ ಬರೆಯಬೇಕು? ೧೯೯೨ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-೮ ಎಂಬ ಕ್ರಮವೇ ಕಡೆಗೆ ಗೆದ್ದಿತು. ಹಳೆಯ ಇಂಗ್ಲಿಷ್ ಕಡತಗಳು ಒಂದಿನಿತೂ ಬದಲಾಗದೆ ಉಳಿಯಬೇಕೆಂಬುದು ಅದರ ಮುಖ್ಯ ನಿಬಂಧನೆ. ಅಂತೆಯೇ ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಬೈಟು ಉಳಿಯಿತು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕಾದವು. ‘ಕನ್ನಡ’ ಎಂಬ ಮಾತಿನಲ್ಲಿ ನಮಗೆ ಕಾಣುವುದು ಮೂರು ಅಕ್ಷರ. ಯಂತ್ರಕ್ಕೆ ಕ, ನ, ವಿರಾಮಚಿಹ್ನೆಯಾದ ಹಲಂತ, ಮತ್ತೊಂದು ನ, ಡ ಎಂದು ಐದು ಸಂಕೇತ. ಒಟ್ಟು ಹದಿನೈದು ಬೈಟು. ಅದನ್ನೇ ರೋಮನ್ ಲಿಪಿಯಲ್ಲಿ ಬರೆದರೆ ಏಳು. ‘ಕ್ಷ’ ಎಂಬ ಒಂದೇ ಅಕ್ಷರಕ್ಕೆ ಒಂಬತ್ತು ಬೈಟು.

ಕೈದೂರವಾಣಿಯ ಕಿರುಸಂದೇಶದಲ್ಲಿ ಈ ವ್ಯತ್ಯಾಸಕ್ಕೆ ಬೆಲೆಚೀಟಿಯೂ ಅಂಟಿತು. ಒಂದು ಸಂದೇಶಕ್ಕೆ ಮೀಸಲಾದ ಜಾಗ ೧೪೦ ಬೈಟು, ಎಂದರೆ ೧೧೨೦ ಬಿಟ್. ಏಳು ಬಿಟ್ಟಿನ ಇಂಗ್ಲಿಷ್ ಸಂಕೇತದಲ್ಲಿ ಅದು ೧೬೦ ಅಕ್ಷರ. ಕನ್ನಡಕ್ಕೆ ಬೇಕಾದ ಹದಿನಾರು ಬಿಟ್ಟಿನ ಸಂಕೇತದಲ್ಲಿ ೭೦ ಮಾತ್ರ, ಅದರಲ್ಲಿಯೂ ಗುಣಿತ ಒತ್ತುಗಳೆಲ್ಲ ಬೇರೆ ಬೇರೆ ಎಣಿಕೆ. ಒಂದು ಸಂದೇಶಕ್ಕೆ ಇಷ್ಟು ಎಂದು ದರವಿದ್ದ ಕಡೆ, ಅದೇ ಮಾತನ್ನು ಕನ್ನಡದಲ್ಲಿ ಬರೆದವನು ಎರಡು ಸಂದೇಶಗಳ ಹಣವನ್ನು ತೆರಬೇಕಾಗುತ್ತಿದ್ದಿತು. ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಅಭ್ಯಾಸ ಬೆಳೆದುದಕ್ಕೆ ಕೀಲಿಮಣೆಯ ಅಭಾವವನ್ನು ಮಾತ್ರ ಕಾರಣವಾಗಿ ಹೇಳುವವರು ಈ ಲೆಕ್ಕವನ್ನೂ ಗಮನಕ್ಕೆ ತಂದುಕೊಳ್ಳುವುದು ಉಚಿತ.

ಇದರಲ್ಲಿ ಯಾರದಾದರೂ ದ್ವೇಷವನ್ನೋ ಕುತಂತ್ರವನ್ನೋ ಹುಡುಕುವುದು ಇತಿಹಾಸಕಾರನಿಗೆ ತಕ್ಕುದಲ್ಲ. ೧೯೬೪ರಲ್ಲಿ ನ್ಯೂಯಾರ್ಕ್ ಪ್ರಾಂತದ ಇಂಜಿನಿಯರುಗಳ ಮುಂದೆ ಕನ್ನಡವಿರಲಿಲ್ಲ. ಆದರೆ ಕನ್ನಡದ ಬರಹ ಸ್ವಭಾವತಃ ಭಾರವಾದದ್ದೆಂಬ ಮಾತನ್ನು ಮಾತ್ರ ಒಪ್ಪಲಾಗದು; ಇಲ್ಲಿ ಶ್ಯಾನನ್ನನ ಭೇದವೇ ನಮಗೆ ಸಾಕ್ಷಿ. ಯುಟಿಎಫ್-೮ ಕ್ರಮದಲ್ಲಿ ಕನ್ನಡದ ಯಾವ ಸಂಕೇತವನ್ನು ತೆಗೆದುಕೊಂಡರೂ ಅದರ ಮೊದಲನೆಯ ಬೈಟು ಯಾವಾಗಲೂ ಒಂದೇ. ಎರಡನೆಯದು ಎರಡರಲ್ಲಿ ಒಂದು. ಮೊದಲೇ ಗೊತ್ತಿರುವುದನ್ನು ಮತ್ತೆ ಮತ್ತೆ ಹೇಳಿದರೆ ಜಾಗ ತುಂಬುತ್ತದೆ, ಮಾಹಿತಿ ಬೆಳೆಯುವುದಿಲ್ಲ. ಎರಡು ಮುಖವೂ ಒಂದೇ ಆದ ಆ ನಾಣ್ಯದ ಕಥೆಯೇ ಇದು. ಕನ್ನಡ ಕಡತವೊಂದನ್ನು ಸಂಕೋಚನ ಕ್ರಮಗಳಿಂದ ಹಿಂಡಿದರೆ ಅದು ಬಹಳವಾಗಿ ಕುಗ್ಗುವುದಕ್ಕೆ ಇದೂ ಒಂದು ಕಾರಣ. ಬೈಟಿನಿಂದ ಅಳೆದರೆ ಮೂರು ಪಟ್ಟು ತೂಗುವ ಬರಹ, ಬಿಟ್ಟಿನ ಮೂಲಾರ್ಥದಿಂದ ಅಳೆದರೆ ಹಾಗೆ ತೂಗುವುದಿಲ್ಲ. ಭಾರವಿರುವುದು ಭತ್ತದಲ್ಲಲ್ಲ, ಕೊಳಗದಲ್ಲಿ.

ಇನ್ನು ಮೂರನೆಯ ಪದರ. ಕಿಲೋ ಎಂಬುದು ಸಾವಿರವೆಂಬ ಅರ್ಥದ ಗ್ರೀಕ್ ಪದದಿಂದ ಬಂದು, ೧೭೯೫ರ ಫ್ರೆಂಚ್ ಶಾಸನದಲ್ಲಿಯೇ ಸ್ಥಾನ ಪಡೆದಿದ್ದಿತು. ಮೆಗಾ, ಗಿಗಾ, ಟೆರಾಗಳು ೧೯೬೦ರಲ್ಲಿ ಅಂತರರಾಷ್ಟ್ರೀಯ ಮಾನಪದ್ಧತಿಯನ್ನು ಸೇರಿದವು. ಭಾರತವು ೧೯೫೬ರಲ್ಲಿ ತೂಕ ಮತ್ತು ಅಳತೆಗಳ ಪ್ರಮಾಣಕ ಕಾಯಿದೆಯನ್ನು ಮಾಡಿ, ಊರಿಗೊಂದು ಸೇರು, ಸೀಮೆಗೊಂದು ಮಣ ಎಂಬ ಸ್ಥಿತಿಯನ್ನು ಕೊನೆಗಾಣಿಸಿ ದಶಮಾನಕ್ಕೆ ತಿರುಗುತ್ತಿದ್ದ ಕಾಲದಲ್ಲಿಯೇ, ಗಣಕಯಂತ್ರದ ತಜ್ಞರು ಅದೇ ದಶಮಾನದ ಪದವೊಂದನ್ನು ಎರಡರ್ಥದ ಮಾತಾಗಿ ಮಾಡತೊಡಗಿದುದು ಒಂದು ವಿಚಿತ್ರ ಸಮಕಾಲೀನತೆ.

ಅದು ಆದದ್ದು ಹೀಗೆ. ಸ್ಮರಣಕೋಶದ ಪ್ರತಿ ಮನೆಗೂ ದ್ವಿಮಾನದ ಸಂಖ್ಯೆಯೊಂದು ವಿಳಾಸವಾಗಿರುತ್ತದೆ. ವಿಳಾಸದಲ್ಲಿ ಹತ್ತು ಬಿಟ್ ಇದ್ದರೆ ಎರಡನ್ನು ಹತ್ತು ಸಲ ಗುಣಿಸಿದಷ್ಟು, ಎಂದರೆ ೧೦೨೪ ಮನೆಗಳಿರುತ್ತವೆ. ಸಾವಿರ ಮನೆಗಳನ್ನು ಮಾತ್ರ ಕಟ್ಟಿದರೆ ೨೪ ವಿಳಾಸಗಳು ವ್ಯರ್ಥ. ೧೦೨೪ ಸಾವಿರಕ್ಕೆ ಸಮೀಪವಾದುದರಿಂದ ಅದನ್ನು ಒಂದು ‘ಕೆ’ ಎಂದು ಕರೆಯುವ ರೂಢಿ ಬಂದಿತು. ೧೯೬೫ರ ಪಿಡಿಪಿ-೮ ಯಂತ್ರದಲ್ಲಿ ೪೦೯೬ ಪದಗಳ ಸ್ಮರಣಕೋಶವಿದ್ದು ಅದನ್ನು ನಾಲ್ಕು ಕೆ ಎಂದೇ ಹೇಳುತ್ತಿದ್ದರು. ನೂರಕ್ಕೆ ಎರಡೂವರೆಗಿಂತ ಕಡಿಮೆಯಾದ ಈ ವ್ಯತ್ಯಾಸ ಯಾರಿಗೂ ನೋವುಂಟುಮಾಡಲಿಲ್ಲ. ಆದರೂ ಅಪಾಯವನ್ನು ಕಂಡವರು ಇಲ್ಲದಿರಲಿಲ್ಲ. ೧೯೬೮ರಲ್ಲಿ ಡೊನಾಲ್ಡ್ ಮಾರಿಸನ್ ಎಂಬಾತನು ಗಣಕತಜ್ಞರ ಪತ್ರಿಕೆಗೆ ಬರೆದು, ೧೦೨೪ಕ್ಕೆ ಗ್ರೀಕ್ ವರ್ಣವಾದ ಕಪ್ಪಾವನ್ನು ಬಳಸೋಣವೆಂದು ಸೂಚಿಸಿದನು. ಬೇರೆಯವರು ಬೇರೆ ಸಲಹೆಗಳನ್ನು ಕೊಟ್ಟರು. ಯಾವುದೂ ನಿಲ್ಲಲಿಲ್ಲ.

ಡಿಸ್ಕನ್ನು ಮಾಡುವವರಿಗೆ ವಿಳಾಸದ ಈ ನಿರ್ಬಂಧವಿರಲಿಲ್ಲ. ೧೯೫೬ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ಸಂಗ್ರಹದಲ್ಲಿ ೫೦ ತಟ್ಟೆಗಳಿದ್ದು ಅದರ ಸಾಮರ್ಥ್ಯ ೫೦ ಲಕ್ಷ ಅಕ್ಷರಗಳು: ನೇರವಾದ ದಶಮಾನದ ಎಣಿಕೆ. ತಂತಿಯ ವೇಗವನ್ನು ಅಳೆಯುವವರದೂ ಮೊದಲಿನಿಂದ ದಶಮಾನವೇ. ಹೀಗೆ ಒಂದೇ ಪದಕ್ಕೆ ಸ್ಮರಣಕೋಶದ ಬೀದಿಯಲ್ಲಿ ಒಂದು ಬೆಲೆ, ಡಿಸ್ಕಿನ ಬೀದಿಯಲ್ಲಿ ಇನ್ನೊಂದು. ಎರಡೂ ಬೀದಿಗಳ ಪದ್ಧತಿ ಕಲಸಿಹೋದ ಒಂದು ಉದಾಹರಣೆಯಂತೂ ಮರೆಯುವಂಥದಲ್ಲ. ಮೂರೂವರೆ ಅಂಗುಲದ ಫ್ಲಾಪಿಯಲ್ಲಿ ಎರಡು ಮುಖ, ಮುಖಕ್ಕೆ ೮೦ ವೃತ್ತ, ವೃತ್ತಕ್ಕೆ ೧೮ ಖಂಡ, ಖಂಡಕ್ಕೆ ೫೧೨ ಬೈಟ್, ಗುಣಿಸಿದರೆ ೧೪,೭೪,೫೬೦. ದಶಮಾನದಲ್ಲಿ ಇದು ೧.೪೭ ಮೆಗಾಬೈಟ್, ದ್ವಿಮಾನದಲ್ಲಿ ೧.೪೧. ಅದರ ಮೇಲೆ ಮುದ್ರಿಸುತ್ತಿದ್ದುದು ೧.೪೪! ಸಂಖ್ಯೆಯನ್ನು ಮೊದಲು ೧೦೨೪ರಿಂದ ಭಾಗಿಸಿ, ಬಂದ ೧೪೪೦ನ್ನು ಸಾವಿರದಿಂದ ಭಾಗಿಸಿದರೆ ಮಾತ್ರ ಈ ಫಲ ಬರುತ್ತದೆ. ಯಾವ ಪದ್ಧತಿಗೂ ಸೇರದ ಈ ಮೆಗಾಬೈಟನ್ನು ಕೋಟ್ಯಂತರ ಜನ ಪ್ರಶ್ನಿಸದೆ ಜೇಬಿನಲ್ಲಿಟ್ಟುಕೊಂಡು ತಿರುಗಿದರು.

ಪೂರ್ವಪದ ದೊಡ್ಡದಾದಂತೆಲ್ಲ ಅಂತರವೂ ಬೆಳೆಯುತ್ತದೆ. ಮೆಗಾ ಎಂಬಲ್ಲಿ ಅದು ನೂರಕ್ಕೆ ಸುಮಾರು ೪.೯, ಗಿಗಾದಲ್ಲಿ ೭.೪, ಟೆರಾದಲ್ಲಿ ಹೆಚ್ಚುಕಡಿಮೆ ೧೦. ಅಂತರರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗವು ೧೯೯೮ರ ಡಿಸೆಂಬರಿನಲ್ಲಿ ೧೦೨೪ರ ಪದ್ಧತಿಗೆ ಕಿಬಿ, ಮೆಬಿ, ಗಿಬಿ, ಟೆಬಿ ಮುಂತಾದ ಹೊಸ ಪೂರ್ವಪದಗಳನ್ನು ಒಪ್ಪಿ, ಕಿಲೋ ಮೊದಲಾದವನ್ನು ಸಾವಿರದ ಪದ್ಧತಿಗೇ ಮೀಸಲಿಟ್ಟಿತು. ತೀರ್ಪು ಯುಕ್ತವಾದುದು, ಆದರೆ ಅದಕ್ಕೆ ಮೂವತ್ತು ವರ್ಷ ತಡವಾಗಿದ್ದಿತು. ಹೊಸ ಹೆಸರುಗಳು ಮಕ್ಕಳ ತೊದಲುಮಾತಿನಂತಿವೆಯೆಂದು ನಕ್ಕವರೂ ಉಂಟು.

ಕೊಳ್ಳುವವರು ನ್ಯಾಯಾಲಯದ ಮೊರೆಹೊಕ್ಕದ್ದು ಇದರ ನಂತರ. ಕ್ಯಾಲಿಫೋರ್ನಿಯದಲ್ಲಿ ಡಿಸ್ಕ್ ತಯಾರಕರ ಮೇಲೆ ಹೂಡಿದ ದಾವೆಗಳಲ್ಲಿ ವೆಸ್ಟರ್ನ್ ಡಿಜಿಟಲ್ ಸಂಸ್ಥೆ ೨೦೦೬ರಲ್ಲಿಯೂ ಸೀಗೇಟ್ ಸಂಸ್ಥೆ ೨೦೦೭ರಲ್ಲಿಯೂ ತಪ್ಪನ್ನು ಒಪ್ಪಿಕೊಳ್ಳದೆಯೇ ರಾಜಿಯಾದವು. ಮೊದಲನೆಯದು ಗ್ರಾಹಕರಿಗೆ ಕಡತಗಳ ಪ್ರತಿ ಕಾಪಿಡುವ ತಂತ್ರಾಂಶವನ್ನು ಉಚಿತವಾಗಿ ನೀಡಿತು. ಎರಡನೆಯದು ಅಂತಹ ತಂತ್ರಾಂಶವನ್ನೋ ಬೆಲೆಯಲ್ಲಿ ನೂರಕ್ಕೆ ಐದನ್ನೋ ಕೊಡಲೊಪ್ಪಿತು. ಶಬ್ದಾರ್ಥದ ದೃಷ್ಟಿಯಿಂದ ತಯಾರಕರ ಪಕ್ಷವೇ ಸರಿಯೆಂದು ಹೇಳಬೇಕಾಗುತ್ತದೆ, ಗಿಗಾ ಎಂದರೆ ನೂರು ಕೋಟಿಯೇ ಸರಿ. ಆದರೆ ಕೊಳ್ಳುವವನ ಮುಂದಿರುವ ಯಂತ್ರ ಬೇರೆ ಗಳೆಯಿಂದ ಅಳೆಯುತ್ತದೆಂಬುದು ಅವರಿಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ. ಆ ಮೌನವು ಯಾರ ಲಾಭಕ್ಕಿದ್ದಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ೨೦೦೯ರಲ್ಲಿ ಆಪಲ್ ಸಂಸ್ಥೆ ತನ್ನ ಯಂತ್ರಗಳಲ್ಲಿ ಡಿಸ್ಕಿನ ಎಣಿಕೆಯನ್ನು ಸಾವಿರದ ಪದ್ಧತಿಗೆ ಬದಲಿಸಿತು. ವಿಂಡೋಸ್ ಇಂದಿಗೂ ೧೦೨೪ರಿಂದ ಭಾಗಿಸಿ, ಫಲದ ಮುಂದೆ ಗಿಗಾ ಎಂದೇ ಬರೆಯುತ್ತದೆ.

ಈ ನಡುವೆ ಮೇಲಿನ ಪೂರ್ವಪದಗಳೂ ಸಾಲದಾದವು. ೧೯೯೧ರಲ್ಲಿ ಸೇರಿಸಿದ ಜೆಟ್ಟಾ, ಯೊಟ್ಟಾಗಳ ಅಂಚಿಗೆ ಸಂಗ್ರಹದ ಲೆಕ್ಕ ಮುಟ್ಟತೊಡಗಿ, ಅದರಾಚೆಗೆ ಜನ ತಮಗೆ ತೋಚಿದ ಹೆಸರುಗಳನ್ನು ಕಟ್ಟಿಕೊಳ್ಳತೊಡಗಿದುದರಿಂದ, ೨೦೨೨ರ ನವೆಂಬರಿನಲ್ಲಿ ತೂಕ ಮತ್ತು ಅಳತೆಗಳ ೨೭ನೆಯ ಮಹಾಸಮ್ಮೇಳನವು ರೊನ್ನಾ, ಕ್ವೆಟ್ಟಾ ಎಂಬ ಎರಡು ಹೊಸ ಪೂರ್ವಪದಗಳನ್ನು ಅಂಗೀಕರಿಸಿತು. ಕ್ವೆಟ್ಟಾ ಎಂದರೆ ಒಂದರ ಮುಂದೆ ಮೂವತ್ತು ಸೊನ್ನೆ. ಅಷ್ಟು ಎತ್ತರದಲ್ಲಿ ೧೦೨೪ರ ಪದ್ಧತಿಗೂ ಸಾವಿರದ ಪದ್ಧತಿಗೂ ಇರುವ ಅಂತರ ನೂರಕ್ಕೆ ಇಪ್ಪತ್ತಾರನ್ನು ಮೀರುತ್ತದೆ.

ಅಷ್ಟು ದೂರ ಹೋಗಬೇಕಾಗಿಲ್ಲ. ಕೈದೂರವಾಣಿಯೊಂದರ ಪೆಟ್ಟಿಗೆಯ ಮೇಲೆ ೮ ಗಿಗಾಬೈಟ್ ಸ್ಮರಣಕೋಶ, ೧೨೮ ಗಿಗಾಬೈಟ್ ಸಂಗ್ರಹ ಎಂದು ಒಂದರ ಕೆಳಗೊಂದು ಅಚ್ಚಾಗಿರುತ್ತದೆ. ಮೇಲಿನ ಸಾಲಿನ ಗಿಗಾಬೈಟು ೧೦೨೪ನ್ನು ಮೂರು ಸಲ ಗುಣಿಸಿದ್ದು, ಕೆಳಗಿನ ಸಾಲಿನದು ನೂರು ಕೋಟಿ. ಎರಡು ಸಾಲುಗಳಲ್ಲಿಯೂ ಪದ ಒಂದೇ, ಮುದ್ರಿಸಿದ ಮಸಿಯೂ ಒಂದೇ.